ಕರಿಬೆಟ್ಟಕ್ಕೆ ಎರಡು ಕಾರು

ಕಾರಿನೊಳಗೆ ಕೂರುವುದಕ್ಕೇ ನನಗೆ ಐದು ನಿಮಿಷ ಹಿಡಿಯಿತು. ಬಾಗಿಲು ತೆಗೆದರೆ ಸೀಟು ಸಿಗುವುದಿಲ್ಲ, ಮಧ್ಯೆ ಅಗಲವಾದ ಒಂದು ಅಲ್ಯೂಮಿನಿಯಂ ಕಟ್ಟೆ ಸಿಗುತ್ತದೆ. ಎಡಗಾಲನ್ನು ಕಟ್ಟೆಯಾಚೆ ಇಳಿಬಿಡಬೇಕು, ಸೊಂಟವನ್ನು ಜಾರಿಸಬೇಕು, ತಲೆಯನ್ನು ಸೂರಿನಡಿ ತೂರಿಸಬೇಕು, ಕೊನೆಗೆ ಹೊರಗೇ ಉಳಿದ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆಳೆದುಕೊಳ್ಳಬೇಕು. ಐವತ್ತೆಂಟರ ಸೊಂಟ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. ಅಂತೂ ಕೂತು ಪಕ್ಕಕ್ಕೆ ತಿರುಗಿದರೆ, ಬದಿಯಲ್ಲಿ ನಿಂತ ವ್ಯಾನಿನ ಚಕ್ರದ ನಟ್ಟುಗಳು ಹೆಚ್ಚುಕಡಿಮೆ ನನ್ನ ಭುಜದ ಮಟ್ಟಕ್ಕಿದ್ದವು.

ಸೋದರಳಿಯ ಇಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದ. “ಮಾವ, ಇದನ್ನ ಅತ್ತೆಗೆ ಕಳಿಸ್ಲಾ?”

“ಕಳಿಸು. ಇಳಿಯೋದನ್ನೂ ತೆಗಿ, ಅದು ಇನ್ನೂ ಚೆನ್ನಾಗಿರತ್ತೆ.”

ವೇಲ್ಸ್‌ನ ಲ್ಯಾಂಡೊವರಿ ಎಂಬ ಸಣ್ಣ ಸಂತೆಪೇಟೆಯ ಕಾರ್ ಪಾರ್ಕಿನಲ್ಲಿ ಇದು ನಡೆದದ್ದು. ಸೆಪ್ಟೆಂಬರ್ ತಿಂಗಳು, ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ನಾನು ಕೂತಿದ್ದು ಲೋಟಸ್ ಎಲೀಸ್, 1990ರ ದಶಕದ ಕೊನೆಯದು, ಮೊದಲ ಸರಣಿಯದು. ಅದರ ಪಕ್ಕದಲ್ಲಿ ನಿಂತದ್ದು ಬೆಳಗ್ಗೆ ನಾನು ಓಡಿಸಿಕೊಂಡು ಬಂದ ಜರ್ಮನ್ ಕಾರು. ಅದರ ಹೆಸರು ಬೇಡ. ಮುಂದೆ ಬರೆಯುವುದನ್ನು ಓದಿ ಅದರ ಅಭಿಮಾನಿಗಳು ಮುನಿಸಿಕೊಂಡಾರು. ಆರುನೂರು ದಾಟಿದ ಅಶ್ವಶಕ್ತಿ, ಒಂದೂಮುಕ್ಕಾಲು ಟನ್ ತೂಕ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಮೂರು ಸೆಕೆಂಡು ಅಂದರೆ ಸಾಕು. ಎರಡೂ ಬಾಡಿಗೆಯವು, ಶನಿವಾರ ಬೆಳಗ್ಗೆ ತೆಗೆದುಕೊಂಡು ಭಾನುವಾರ ಸಂಜೆಗೆ ಒಪ್ಪಿಸಬೇಕಾದವು.

ಅಕ್ಕನ ಮಗ ಬ್ರಿಸ್ಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಮನೆಯಲ್ಲಿ ತಿಂಗಳು ಕಳೆಯಲು ಹೋದವನು ನಾನು. ನಮ್ಮಿಬ್ಬರಿಗೂ ಕಾರಿನ ಹುಚ್ಚು, ಆದರೆ ಹುಚ್ಚಿನ ಜಾತಿ ಬೇರೆ. ರಾತ್ರಿ ಊಟವಾದ ಮೇಲೆ ಶುರುವಾದ ವಾದ ಹನ್ನೊಂದರವರೆಗೂ ಎಳೆಯಿತು. “ಪವರ್ರೇ ಇಲ್ದಿದ್ರೆ ಅದು ಸ್ಪೋರ್ಟ್ಸ್ ಕಾರ್ ಹೇಗಾಗತ್ತೆ ಮಾವ?” ಎಂದು ಅವನು. ಭಾರ ಇಳಿಸಿದರೆ ಇದ್ದ ಪವರ್ರೇ ಬೇಕಾದಷ್ಟಾಗುತ್ತದೆ ಎಂದು ನಾನು. ಎಲೀಸ್‌ದು 118 ಅಶ್ವಶಕ್ತಿ, ತೂಕ 725 ಕಿಲೋ. ನಮ್ಮ ಹೆದ್ದಾರಿಯಲ್ಲಿ ಇವತ್ತು ಓಡುವ ಎಷ್ಟೋ ಮಾಮೂಲಿ ಕಾರಿಗೆ ಅಷ್ಟು ಶಕ್ತಿ ಇದೆ. ಅಷ್ಟು ಕಡಿಮೆ ತೂಕ ಮಾತ್ರ ಯಾವುದಕ್ಕೂ ಇಲ್ಲ.

ನನ್ನ ವಾದಕ್ಕೆ ಬೇರು ಇಂಗ್ಲೆಂಡಿನಲ್ಲಲ್ಲ, ಚಾರ್ಮಾಡಿ ಘಾಟಿಯಲ್ಲಿದೆ. 1992ರಲ್ಲಿ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದರು. 796 ಸಿಸಿ, 37 ಅಶ್ವಶಕ್ತಿ, ತೂಕ 650 ಕಿಲೋ ಆಸುಪಾಸು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದು, ಉಜಿರೆಯ ಕೆಲಸ ಮುಗಿಸಿ, ಸಂಜೆ ಮತ್ತೆ ಹತ್ತುವುದು. ಹತ್ತುವಾಗ ಆ ಕಾರಿಗೆ ಪಿಕಪ್ ಎಂಬುದೇ ಇರಲಿಲ್ಲ. ತಿರುವಿಗೆ ಮುಂಚೆ ಸೆಕೆಂಡಿಗೆ ಹಾಕಿ, ಬಂದ ವೇಗವನ್ನು ಚೂರೂ ಕಳೆಯದೆ ಸ್ಟೇರಿಂಗ್ ತಿರುಗಿಸಿ, ಆಚೆ ಬದಿಯಲ್ಲಿ ಥರ್ಡಿಗೆ ದಾಟಿಸಬೇಕು. ಒಂದು ಗೇರು ತಪ್ಪಿದರೆ ಮುಂದಿನ ಮೂರು ತಿರುವು ಎಂಜಿನ್ ಅಳುತ್ತಿತ್ತು. ಮೇಲೆ ಮಲಯಮಾರುತದ ಹತ್ತಿರ ಬಂದಾಗ ಅಂಗಿ ಬೆವರಿರುತ್ತಿತ್ತು, ಮುಖದಲ್ಲಿ ನಗು ಇರುತ್ತಿತ್ತು. ಆಮೇಲೆ ಬಂದ ದೊಡ್ಡ ಕಾರುಗಳಲ್ಲಿ ಅದೇ ಘಾಟಿಯನ್ನು ಮಾತಾಡುತ್ತಾ ಹತ್ತಿದ್ದೇನೆ. ದಾರಿ ನೆನಪಿಲ್ಲ, ಮಾತು ನೆನಪಿದೆ.

ಅದಿರಲಿ. ಬೆಳಗಿನ ಪ್ರಯಾಣವನ್ನು ಹೇಳಬೇಕು, ಇಲ್ಲದಿದ್ದರೆ ಜರ್ಮನ್ ಕಾರಿಗೆ ಅನ್ಯಾಯವಾಗುತ್ತದೆ.

ಬ್ರಿಸ್ಟಲ್ ಬಿಟ್ಟು ಎಂ4 ಮೋಟರ್‌ವೇ ಹಿಡಿದರೆ ಸ್ವಲ್ಪದರಲ್ಲೇ ಸೆವೆರ್ನ್ ನದಿಯ ಅಳಿವೆ. ಅದರ ಮೇಲೆ 1996ರಲ್ಲಿ ತೆರೆದ ಸೇತುವೆ ಐದು ಕಿಲೋಮೀಟರಿಗಿಂತ ಉದ್ದ. ಹಿಂದೆ ವೇಲ್ಸ್‌ಗೆ ಹೋಗುವವರು ಇಲ್ಲಿ ಸುಂಕ ಕೊಡಬೇಕಿತ್ತು, 2018ರ ಡಿಸೆಂಬರಿನಲ್ಲಿ ಅದು ರದ್ದಾಯಿತು. ಸೇತುವೆಯ ಮೇಲೆ ಅಡ್ಡಗಾಳಿ. ಜರ್ಮನ್ ಕಾರು ಗಾಳಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಸೀಟು ಬೆಚ್ಚಗಿತ್ತು, ಸ್ಪೀಕರಿನಲ್ಲಿ ಮನ್ಸೂರರು ಹಾಡುತ್ತಿದ್ದರು, ಎಪ್ಪತ್ತು ಮೈಲಿಯ ಮಿತಿಯೊಳಗೆ ಎಂಜಿನ್ ಅರೆನಿದ್ದೆಯಲ್ಲಿತ್ತು. ಹಿಂದೆ ಕನ್ನಡಿಯಲ್ಲಿ ಎಲೀಸ್ ಒಂದು ನೀಲಿ ಚುಕ್ಕೆ. ಲಾರಿ ದಾಟುವಾಗಲೆಲ್ಲ ಆ ಚುಕ್ಕೆ ಅದರ ಚಕ್ರಗಳ ನೀರಿನ ಮೋಡದಲ್ಲಿ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು.

ನ್ಯೂಪೋರ್ಟ್ ಹತ್ತಿರ ಮೋಟರ್‌ವೇ ಬಿಟ್ಟು, ರ‍್ಯಾಗ್ಲನ್ ಕಡೆಯಿಂದ ಎ40 ಸೇರಿದೆವು. ಅಬರ್‌ಗವೆನಿ ದಾಟಿದ ಮೇಲೆ ಒಂದು ಕಡೆ ಹುಲ್ಲಿನ ಉಂಡೆ ಹೇರಿದ ಟ್ರ್ಯಾಕ್ಟರು ಹತ್ತು ನಿಮಿಷದಿಂದ ನಮ್ಮನ್ನು ಎಳೆದೊಯ್ಯುತ್ತಿತ್ತು. ರಸ್ತೆ ನೇರವಾಯಿತು, ಎದುರಿಗೆ ಯಾರೂ ಇಲ್ಲ. ಕಾಲು ಒತ್ತಿದೆ. ಒತ್ತಿದ್ದು ಗೊತ್ತು, ಟ್ರ್ಯಾಕ್ಟರ್ ಹಿಂದಾದದ್ದು ಗೊತ್ತು, ನಡುವೆ ಏನಾಯಿತೋ ಗೊತ್ತಿಲ್ಲ. ಬೆನ್ನು ಸೀಟಿಗೆ ಅಂಟಿತು, ಹೊಟ್ಟೆಯಲ್ಲಿ ಏನೋ ಹಗುರಾಯಿತು, ಬಾಯಿಂದ ಒಂದು ಶಬ್ದ ಬಂತು. ಅದು ಇಂಥ ವಯಸ್ಸಿನವರ ಬಾಯಿಂದ ಬರುವ ಶಬ್ದವಲ್ಲ. ಇಷ್ಟು ಒಪ್ಪಿಕೊಳ್ಳುತ್ತೇನೆ: ಆ ಎರಡು ಸೆಕೆಂಡು ಪರಮಸುಖ. ತೊಡಕೆಂದರೆ ಎರಡು ಸೆಕೆಂಡಿನ ನಂತರ ಕಾಲು ತೆಗೆಯಲೇಬೇಕು. ಇಂಥ ರಸ್ತೆಗೆ ಅರವತ್ತು ಮೈಲಿಯ ಮಿತಿ, ಅಂದರೆ 96 ಕಿಲೋಮೀಟರು. ಊರುಗಳೊಳಗೆ 2023ರ ಸೆಪ್ಟೆಂಬರಿನಿಂದ ವೇಲ್ಸ್ ಸರ್ಕಾರ ಸಾಮಾನ್ಯ ಮಿತಿಯನ್ನು ಇಪ್ಪತ್ತು ಮೈಲಿಗೆ ಇಳಿಸಿದೆ. ಮಿಕ್ಕ ಐನೂರು ಕುದುರೆಗಳನ್ನು ಕಟ್ಟಿಹಾಕಿ ಮೇವು ಹಾಕುತ್ತಾ ಕೂರುವುದೇ ಕೆಲಸ. ಅವಕ್ಕೆ ಓಡಲು ಬೇಕಾದ ಬಯಲು ಇರುವುದು ರೇಸ್ ಟ್ರ್ಯಾಕಿನಲ್ಲಿ, ಜರ್ಮನಿಯ ಆಟೋಬಾನಿನ ಮಿತಿಯಿಲ್ಲದ ತುಂಡುಗಳಲ್ಲಿ.

ಲ್ಯಾಂಡೊವರಿಯಲ್ಲಿ ಎಲೀಸ್‌ನಿಂದ ಇಳಿದ ಹುಡುಗ ಕಿವಿಯೊಳಗೆ ಬೆರಳಾಡಿಸುತ್ತಿದ್ದ. “ಮಾವ, ಇದು ಕಾರಲ್ಲ, ಡಬ್ಬ. ಲಾರಿ ಪಕ್ಕ ಹೋದ್ರೆ ಲಾರಿ ಒಳಗೇ ಕೂತಂಗಿರತ್ತೆ.” ನಾನು ವಾದ ಮಾಡಲಿಲ್ಲ. ಮೋಟರ್‌ವೇಗೆ ಅದು ಹೇಳಿಸಿದ ಕಾರಲ್ಲವೇ ಅಲ್ಲ. ಅಲ್ಲೇ ಕೀ ಬದಲಾಯಿಸಿಕೊಂಡೆವು. ಇದ್ದದ್ದರಲ್ಲಿ ಸಮಾಧಾನದ ವಿಷಯವೆಂದರೆ ವೇಲ್ಸಿನ ಕೇಕುಗಳು, ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಸುಟ್ಟವು; ಒಂದು ಪೊಟ್ಟಣ ಕಟ್ಟಿಸಿಕೊಂಡೆವು.

ಇಲ್ಲಿಂದ ಲ್ಯಾಂಗಡಾಗ್ ಹಳ್ಳಿಯ ಮೂಲಕ ಎ4069 ರಸ್ತೆ ಕರಿಬೆಟ್ಟವನ್ನು ಹತ್ತಿ ಆಚೆ ಬ್ರಿನಾಮನ್‌ಗೆ ಇಳಿಯುತ್ತದೆ. ವೆಲ್ಷ್ ಭಾಷೆಯಲ್ಲಿ ಮಿನಿದ್ ದೀ, ಅಕ್ಷರಶಃ ಕರಿಬೆಟ್ಟ. ಟಿವಿಯ ಕಾರ್ ಕಾರ್ಯಕ್ರಮಗಳಿಂದ ಹೆಸರಾದ ರಸ್ತೆ. ಹಳ್ಳಿಗೆ ಹೊಕ್ಕ ಕೂಡಲೇ ಡಾಂಬರಿನ ಮೇಲೆ ಆಳುದ್ದದ ಬಿಳಿ ಅಕ್ಷರಗಳಲ್ಲಿ ಎರಡು ಪದ: ಒಂದು ಇಂಗ್ಲಿಷಿನ ಸ್ಲೋ, ಇನ್ನೊಂದು ‘ಅರವ್’. ಬರೆಯುವಾಗ ಕೊನೆಗೆ ಎಫ್ ಇದೆ, ಆದರೆ ವೆಲ್ಷ್‌ನಲ್ಲಿ ಒಂಟಿ ಎಫ್ ಅಂದರೆ ವಕಾರ. ನಿಧಾನ ಎಂದು ಅರ್ಥ. ಅಲ್ಲಿನ ಫಲಕಗಳೆಲ್ಲ ಎರಡು ಭಾಷೆಯಲ್ಲಿವೆ; ಊರಿನ ಹೆಸರು ಊರಿನ ಮಾತಿನಲ್ಲೂ ಇರಬೇಕೆಂದು ಹಟ ಹಿಡಿದ ಜನ. ಬೆಂಗಳೂರಿನ ಬೋರ್ಡುಗಳ ಜಗಳ ಕಂಡವನಿಗೆ ಆ ಬಿಳಿ ಅಕ್ಷರ ಕಂಡು ಖುಷಿಯಾಗದೆ ಇರುತ್ತದೆಯೇ?

ಎಲೀಸ್‌ಗೆ ಪವರ್ ಸ್ಟೇರಿಂಗ್ ಇಲ್ಲ. ಈ ಮೊದಲ ಸರಣಿಗೆ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ನೆಲಕ್ಕೆ ಹಾಸಿಲ್ಲ, ಅಲ್ಯೂಮಿನಿಯಂ ಬರಿಮೈಯಲ್ಲಿದೆ. ಗೇರ್ ಗುಂಡೂ ಲೋಹದ್ದೇ, ಬೆಳಗಿನ ಚಳಿ ಅದರಲ್ಲಿ ಇನ್ನೂ ಉಳಿದಿತ್ತು. ನಿಂತಾಗ ಸ್ಟೇರಿಂಗ್ ಕಲ್ಲು. ಚಕ್ರ ಉರುಳಿದ ಮರುಗಳಿಗೆ ಅದಕ್ಕೆ ಜೀವ ಬಂತು. ರಸ್ತೆ ನಡುವಿನ ಬೆಳಕಿನ ಗುಬುಟುಗಳ ಮೇಲೆ ಬಲಗಡೆಯ ಟೈರು ಹೋದರೆ ಬಲಗೈಯ ಹೆಬ್ಬೆರಳಿಗೆ ಟಕ್ ಎಂದು ತಾಗಿತು. ಒದ್ದೆ ಎಲೆಗಳ ಮೇಲೆ ಹೋದಾಗ ಕೈ ಒಂದು ಕ್ಷಣ ಸಡಿಲಾಯಿತು, ಒಣ ಡಾಂಬರು ಬಂದಾಗ ಮತ್ತೆ ಬಿಗಿಯಾಯಿತು. ಮುಂದಿನ ಟೈರಿನ ಅಗಲ ಬರೀ 185 ಮಿಲಿಮೀಟರು, ಮನೆಬಳಕೆ ಕಾರಿನದ್ದೇ ಅಳತೆ. ಆ ಸಣಕಲು ಟೈರು ನೆಲದಲ್ಲಿ ಏನನ್ನು ಮುಟ್ಟುತ್ತಿದೆಯೋ ಅದನ್ನೆಲ್ಲ ನನ್ನ ಅಂಗೈಗೆ ವರದಿ ಮಾಡುತ್ತಿತ್ತು. ಕಣ್ಣು ಕಾಣದವರು ಕೋಲಿನಿಂದ ನೆಲ ಓದುತ್ತಾರಲ್ಲ, ಹಾಗೆ.

ಹಳ್ಳಿ ದಾಟಿ, ಓಕ್ ಮರಗಳ ನೆರಳು ದಾಟಿ, ದನ ದಾಟದಂತೆ ಹಾಕಿದ ಕಬ್ಬಿಣದ ಸರಳುಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಹೋದರೆ, ಅಲ್ಲಿಂದಾಚೆ ಬೇಲಿ ಮುಗಿಯಿತು. ಬೋಳು ಬೆಟ್ಟ, ಕಂದು ಹುಲ್ಲು, ಎಲ್ಲೆಲ್ಲೂ ಕುರಿ. ರಸ್ತೆ ಬೆಟ್ಟದ ಮೈಗೆ ಅಂಟಿಕೊಂಡು ಮೇಲೇರುತ್ತದೆ. ಇಲ್ಲಿ ವೇಗ ನಲವತ್ತು ಮೈಲಿ, ಎಲ್ಲೋ ಒಂದು ಕಡೆ ನಲವತ್ತೈದು. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಕಿಲೋಮೀಟರ್. ಹೇಳಿಕೊಳ್ಳುವ ವೇಗವಲ್ಲ. ಆದರೆ ಅಷ್ಟಕ್ಕೇ ನನ್ನ ಎರಡು ಕೈ, ಎರಡು ಕಾಲು, ಕಣ್ಣು, ಕಿವಿ ಎಲ್ಲಕ್ಕೂ ತುಂಬ ಕೆಲಸ. ಕ್ಲಚ್ಚೊತ್ತಿ ಗೇರು ಇಳಿಸುವಾಗ ಆಕ್ಸಿಲರೇಟರನ್ನು ಒಂದು ಚೂರು ತಟ್ಟಿದರೆ ಹಿಂದೆ ಬೆನ್ನಿಗಂಟಿಕೊಂಡಿರುವ ಎಂಜಿನ್ ಹೂಂಗುಟ್ಟುತ್ತದೆ. ತಟ್ಟುವುದು ತಪ್ಪಿದರೆ ಇಡೀ ಕಾರು ಮುಗ್ಗರಿಸಿ ಬೈಯುತ್ತದೆ. ಮೊದಲ ನಾಲ್ಕು ತಿರುವಿಗೆ ಬೈಸಿಕೊಂಡೆ. ಐದನೆಯದಕ್ಕೆ ಸರಿಹೋಯಿತು. ಆ ಐದನೇ ತಿರುವಿನ ಖುಷಿ ಇದೆಯಲ್ಲ, ಅದನ್ನು ಬಾಡಿಗೆಯ ರಸೀದಿಯಲ್ಲಿ ಯಾರೂ ಬರೆದಿರಲಿಲ್ಲ.

ಬೆಟ್ಟದ ಅತಿ ಪ್ರಸಿದ್ಧ ತಿರುವಿಗೆ ಟ್ರೋರ್ ಗುಕು ಎಂದು ಹೆಸರು, ಕೋಗಿಲೆ ತಿರುವು ಅನ್ನಬಹುದು. ಕೂದಲಪಿನ್ನಿನ ಹಾಗೆ ಮಡಚಿಕೊಂಡಿದೆ. ಅಲ್ಲಿ ನನಗೆ ಹಗುರತನದ ಗುಟ್ಟು ಲೆಕ್ಕದ ಪುಸ್ತಕದಿಂದ ಎದ್ದು ಸೊಂಟಕ್ಕೆ ಬಂತು. ಅದೇ ವೇಗದಲ್ಲಿ ಒಂದೂಮುಕ್ಕಾಲು ಟನ್ನಿನ ಕಾರು ಹೊತ್ತು ತರುವ ಚಲನಶಕ್ತಿ ಇದರದ್ದಕ್ಕಿಂತ ಎರಡೂಕಾಲು ಪಟ್ಟಿಗೂ ಹೆಚ್ಚು. ಅದನ್ನೆಲ್ಲ ಬ್ರೇಕು ಬಿಸಿ ಮಾಡಿ ಕಳೆಯಬೇಕು. ಭಾರ ಹೆಚ್ಚಾದಂತೆ ಟೈರಿನ ಹಿಡಿತವೂ ಹೆಚ್ಚುತ್ತದೆ ನಿಜ, ಆದರೆ ಭಾರದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಂದು ಮೂಟೆ ಹೊತ್ತು ಓಡುವ ಹಮಾಲಿಯ ಮೇಲೆ ಇನ್ನೊಂದು ಹೇರಿದರೆ ಅವನು ಹೊರುತ್ತಾನೆ, ಓಡುವುದಿಲ್ಲ. ಅದಕ್ಕೇ ದೊಡ್ಡ ಕಾರಿಗೆ ಅಗಲ ಟೈರು ಬೇಕು, ಅಗಲ ಟೈರು ತಿರುಗಿಸಲು ಮೋಟರು ಬೇಕು, ದೊಡ್ಡ ಬ್ರೇಕು ಬೇಕು, ಅವುಗಳ ತೂಕ ಎಳೆಯಲು ಇನ್ನಷ್ಟು ಶಕ್ತಿ ಬೇಕು. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಈ ಸರಪಳಿಯನ್ನು ತಿರುಗಾಮುರುಗಾ ಓಡಿಸಿದ್ದೇ ಎಲೀಸ್: ತೂಕ ಕಡಿಮೆ, ಹಾಗಾಗಿ ಸಣ್ಣ ಟೈರು ಸಾಕು; ಸಣ್ಣ ಟೈರು, ಹಾಗಾಗಿ ಪವರ್ ಸ್ಟೇರಿಂಗ್ ಬೇಡ; ಅದು ಬೇಡವಾದದ್ದರಿಂದ ತೂಕ ಇನ್ನೂ ಕಡಿಮೆ.

ತಿರುವು ಮುಗಿದಲ್ಲಿ ರಸ್ತೆ ನಡುವೆ ಒಂದು ಕುರಿ ಕೂತಿತ್ತು. ಡಾಂಬರು ಬೆಚ್ಚಗಿತ್ತೋ ಏನೋ. ನಿಲ್ಲಿಸಿದೆ. ನನ್ನ ಮುಖವೂ ಅದರ ಮುಖವೂ ಒಂದೇ ಎತ್ತರದಲ್ಲಿ ಎದುರುಬದುರಾದವು. ಅದು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಹಾರ್ನ್ ಮಾಡುವುದು ಸಭ್ಯತೆ ಅನಿಸಲಿಲ್ಲ. ಹಿಂದಿನಿಂದ ಅಳಿಯ ಬಂದು ನಿಂತು, ಅವನ ಆರುನೂರು ಕುದುರೆಗಳೂ ಕುರಿಗಾಗಿ ಕಾದವು.

ನೆತ್ತಿ ಸಮುದ್ರಮಟ್ಟದಿಂದ ಸುಮಾರು 490 ಮೀಟರ್. ಅಲ್ಲಿ ಹಳೆಯ ಸುಣ್ಣಕಲ್ಲಿನ ಗಣಿ ಇದೆ, ಸುಣ್ಣದ ಗೂಡುಗಳ ಪಾಳು ಇದೆ. ಇಲ್ಲಿ ಸುಟ್ಟ ಸುಣ್ಣವನ್ನು ಕುದುರೆಗಾಡಿಗಳಲ್ಲಿ ಕೆಳಗಿನ ಹೊಲಗಳಿಗೆ ಸಾಗಿಸುತ್ತಿದ್ದರು, ಹುಳಿ ಮಣ್ಣನ್ನು ಸರಿಮಾಡಲು. ನಿಜವಾದ ಕುದುರೆಗಳು ಭಾರದ ಲೆಕ್ಕವನ್ನು ಈ ಏರಿನಲ್ಲಿ ನಮಗಿಂತ ಚೆನ್ನಾಗಿ ಕಲಿತಿರಬೇಕು. ಕೆಳಗೆ ಟವಿ ನದಿಯ ಬಯಲು, ಹಸಿರಿನ ಮೇಲೆ ಮೋಡದ ನೆರಳು ಜಾರುತ್ತಿತ್ತು. ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಗಾಳಿಗೆ ಬೆನ್ನು ಹಾಕಿ ನಿಂತೆವು.

ಎಲೀಸ್‌ನ ಮೂತಿಯ ಮೇಲಿನ ಬಿಲ್ಲೆಯಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ ಹೆಣೆದುಕೊಂಡಿವೆ. ಏನದು ಎಂದ ಹುಡುಗ. ಆ್ಯಂಟನಿ ಕಾಲಿನ್ ಬ್ರೂಸ್ ಚಾಪ್‌ಮನ್, ಲೋಟಸ್ ಕಟ್ಟಿದಾತನ ಪೂರ್ತಿ ಹೆಸರಿನ ಮೊದಲಕ್ಷರಗಳು. 1928ರಲ್ಲಿ ಹುಟ್ಟಿದ ಚಾಪ್‌ಮನ್ ಲಂಡನ್ನಿನಲ್ಲಿ ಕಟ್ಟಡಗಳ ಎಂಜಿನಿಯರಿಂಗ್ ಓದಿದವರು. ಕಡಿಮೆ ಸಾಮಾನಿನಲ್ಲಿ ಗಟ್ಟಿಯಾಗಿ ಕಟ್ಟುವ ಆ ಲೆಕ್ಕವನ್ನೇ ಕಾರಿಗೆ ತಂದರು. ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ, ಪ್ರೇಯಸಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ತಮ್ಮ ಮೊದಲ ಕಾರು ಮಾಡಿಕೊಂಡರು. 1966ರಲ್ಲಿ ಕಂಪನಿ ನಾರ್ಫಕ್‌ನ ಹೆಥೆಲ್‌ಗೆ, ಯುದ್ಧಕಾಲದ ಒಂದು ವಿಮಾನ ನೆಲೆಗೆ ಹೋಯಿತು. ಶಕ್ತಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಬೇಗ ಹೋಗುತ್ತೀರಿ, ತೂಕ ಇಳಿಸಿದರೆ ಎಲ್ಲ ಕಡೆಯೂ ಬೇಗ ಹೋಗುತ್ತೀರಿ ಎಂಬರ್ಥದ ಮಾತು ಅವರ ಹೆಸರಿನಲ್ಲಿ ಓಡಾಡುತ್ತದೆ. 1962ರ ಲೋಟಸ್ 25 ಫಾರ್ಮುಲಾ ಒನ್ ಕಾರಿನಲ್ಲಿ ಅವರು ಕೊಳವೆಗಳ ಚೌಕಟ್ಟನ್ನೇ ಕೈಬಿಟ್ಟು, ತೆಳು ಲೋಹದ ತೊಟ್ಟಿಯೊಂದರಲ್ಲಿ ಚಾಲಕನನ್ನು ಮಲಗಿಸಿದರು. ಮರುವರ್ಷ ಜಿಮ್ ಕ್ಲಾರ್ಕ್ ಅದರಲ್ಲಿ ವಿಶ್ವ ಚಾಂಪಿಯನ್.

ಎಲೀಸ್ ಬಂದದ್ದು ಚಾಪ್‌ಮನ್ 1982ರಲ್ಲಿ ತೀರಿಕೊಂಡು ವರ್ಷಗಳ ಮೇಲೆ, 1996ಕ್ಕೆ. ಆಗಿನ ಮುಖ್ಯಸ್ಥ ಇಟಲಿಯ ರೊಮಾನೊ ಆರ್ತಿಯೋಲಿ, ಪುಟ್ಟ ಮೊಮ್ಮಗಳು ಎಲೀಸಾಳ ಹೆಸರನ್ನು ಕಾರಿಗಿಟ್ಟರು. ಇದರ ಅಸ್ಥಿಪಂಜರದಲ್ಲಿ ಬೆಸುಗೆ ಇಲ್ಲ. ಅಚ್ಚಿನಿಂದ ಹಿಂಡಿ ತೆಗೆದ ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟು ಹಾಕಿ ಜೋಡಿಸಿದ್ದಾರೆ. ತೂಕ 68 ಕಿಲೋ. “ಅಂದ್ರೆ ನಿಮಗಿಂತ ಕಮ್ಮಿ” ಎಂದ ಹುಡುಗ, ನನ್ನ ಕೈಯಲ್ಲಿದ್ದ ಮೂರನೇ ಕೇಕನ್ನು ನೋಡುತ್ತಾ.

ಆದರೆ ಹಗುರತನವನ್ನು ಪೂಜೆಗಿಡಲು ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಚಾಪ್‌ಮನ್ ಕಾರುಗಳು ಹಗುರವಿದ್ದಷ್ಟೇ ನಾಜೂಕು ಎಂಬ ದೂರು ಅವರ ಚಾಲಕರಿಂದಲೇ ಇತ್ತು. 1970ರ ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ಲೋಟಸ್ 72 ಓಡಿಸುತ್ತಿದ್ದ ಯೋಕೆನ್ ರಿಂಟ್ ಅಪಘಾತದಲ್ಲಿ ಸತ್ತರು. ಆ ವರ್ಷದ ಅಂಕಗಳನ್ನು ಯಾರೂ ದಾಟಲಾಗದೆ, ಸತ್ತ ಮೇಲೆ ಚಾಂಪಿಯನ್ ಆದವರು ಫಾರ್ಮುಲಾ ಒನ್‌ನಲ್ಲಿ ಅವರೊಬ್ಬರೇ. ಇವತ್ತಿನ ಕಾರುಗಳ ತೂಕದಲ್ಲಿ ಒಂದು ಪಾಲು ಬೊಜ್ಜು, ಇನ್ನೊಂದು ಪಾಲು ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕಿನ ತೊಲೆ. ಬೆಳಗ್ಗೆ ಆ ಲಾರಿಗಳ ಪಕ್ಕ ನೀಲಿ ಚುಕ್ಕೆ ಮಾಯವಾದಾಗಲೆಲ್ಲ ನಾನು ಮನ್ಸೂರರನ್ನು ಕೇಳುವುದು ಬಿಟ್ಟು ಕನ್ನಡಿಯನ್ನೇ ನೋಡುತ್ತಿದ್ದೆ. ಅಕ್ಕನಿಗೆ ಏನು ಹೇಳಲಿ ಎಂಬ ಯೋಚನೆ.

ಎಲೀಸ್ ತಯಾರಿಕೆ 2021ಕ್ಕೆ ನಿಂತಿತು. ಈಗ ಅದೇ ಲೋಟಸ್ ಚೀನಾದ ಜೀಲಿ ಒಡೆತನದಲ್ಲಿ ಎಲೆಟ್ರೆ ಎಂಬ ಬ್ಯಾಟರಿ ಎಸ್‌ಯುವಿ ಮಾಡುತ್ತದೆ. 2023ರಲ್ಲಿ ಭಾರತಕ್ಕೂ ಬಂತು. ತೂಕ ಎರಡೂವರೆ ಟನ್ ಆಸುಪಾಸು. ಮೂರು ಎಲೀಸ್ ತಕ್ಕಡಿಗೆ ಹಾಕಿದರೂ ಅದೇ ಕೆಳಗೆ ತೂಗುತ್ತದೆ. ಹಗುರ ಕಾರಿನ ದೀಪವನ್ನು ಹೆಚ್ಚು ಜನರ ಮನೆಗೆ ಒಯ್ದವರು ಜಪಾನಿನವರು: 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, ಮಳೆಬಿಸಿಲಿಗೆ, ಆಫೀಸಿಗೆ, ತರಕಾರಿಗೆ ಒಯ್ಯಬಹುದಾದ ಸ್ಪೋರ್ಟ್ಸ್ ಕಾರು. 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಕುದುರೆಯೂ ಸವಾರನೂ ಒಂದೇ ಮೈ ಎಂಬ ಅರ್ಥದ ಜಿನ್ಬಾ ಇತ್ತಾಯಿ ಎಂಬುದು ಅವರ ಮಂತ್ರ. ಅಲ್ಲಿಯೂ ಕುದುರೆಯೇ, ಆದರೆ ಒಂದು.

ಹುಡುಗನಿಗೆ ಇದೆಲ್ಲ ಹೇಳಿ ನನ್ನ ಚಹಾ ಆರಿತ್ತು. ಅವನು ಒಪ್ಪಿದ ಹಾಗೆ ಕಾಣಲಿಲ್ಲ. “ಸರಿ ಮಾವ, ಈ ಬೆಟ್ಟದಲ್ಲಿ ಜರ್ಮನ್ ಕಾರು ಬೋರ್ ಹೊಡೀತು, ಅದು ನಿಜ. ನಲವತ್ತರಲ್ಲಿ ಪಾಪ ಅದಕ್ಕೆ ಆಕಳಿಕೆ ಬರತ್ತೆ. ಆದ್ರೆ ಅದು ರಸ್ತೆ ತಪ್ಪು, ಕಾರಿನ ತಪ್ಪಲ್ಲ.” ಉತ್ತರ ಚೆನ್ನಾಗಿತ್ತು. ನಾನು ಸುಮ್ಮನೆ ಎಲೀಸ್ ಕೀಯನ್ನು ಅವನ ಅಂಗೈಗೆ ಹಾಕಿದೆ. ಮೋಟರ್‌ವೇ ಬಿಟ್ಟರೆ ಅವನು ಅದನ್ನು ಸರಿಯಾಗಿ ಓಡಿಸಿಯೇ ಇರಲಿಲ್ಲ. “ಕೋಗಿಲೆ ತಿರುವಿನವರೆಗೆ ಹೋಗಿ ಬಾ, ಹತ್ತು ನಿಮಿಷ. ಆಮೇಲೆ ಹೊರಡೋಣ, ಮಳೆ ಬರೋ ಹಾಗಿದೆ.” ಹತ್ತೇ ನಿಮಿಷ ಎಂದು ಗೊಣಗುತ್ತಾ ಅವನು ಕಟ್ಟೆ ದಾಟಿ ಒಳಗಿಳಿದ. ಅವನಿಗೆ ಐದು ಸೆಕೆಂಡೂ ಹಿಡಿಯಲಿಲ್ಲ, ಅದೊಂದು ಹೊಟ್ಟೆಕಿಚ್ಚು.

ಮಳೆ ಬಂತು. ನಾನು ಜರ್ಮನ್ ಕಾರಿನೊಳಗೆ ಸೇರಿಕೊಂಡೆ. ಬಾಗಿಲು ಮುಚ್ಚಿದ ಸದ್ದೇ ದಪ್ಪನೆಯ ಹೊದಿಕೆ ಹೊದಿಸಿದ ಹಾಗೆ. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಹೊರಗೆ ಕುರಿಗಳು ಗಾಳಿಗೆ ಹಿಂಬದಿ ತಿರುಗಿಸಿ ನಿಂತಿದ್ದವು. ಹತ್ತು ನಿಮಿಷ ಕಳೆಯಿತು, ಹದಿನೈದು ಆಯಿತು. ಕೆಳಗೆ ಬೆಟ್ಟದ ಮಡಿಲಲ್ಲಿ ಎರಡು ಸಣ್ಣ ದೀಪ ಕಾಣಿಸಿ ಸಮಾಧಾನವಾಯಿತು. ದೀಪಗಳು ಒಂದೊಂದೇ ತಿರುವು ಹತ್ತುತ್ತಾ ಬಂದವು, ಗೇರು ಇಳಿಸುವಾಗಿನ ಹೂಂಕಾರ ಗಾಳಿಯಲ್ಲಿ ತೇಲಿ ಬಂತು. ಮೊದಲೆರಡು ಸಲ ಮುಗ್ಗರಿಸಿತು, ಆಮೇಲಿನದು ನುಣ್ಣಗಿತ್ತು. ಇನ್ನೇನು ಗಣಿಯ ಹತ್ತಿರ ಬಂದ ಎಂದು ನಾನು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ ಸೀಟ್ ಬೆಲ್ಟಿಗೆ ಕೈ ಹಾಕಿದೆ. ಪಾರ್ಕಿಂಗಿನ ಬಾಯಲ್ಲಿ ನೀಲಿ ಕಾರು ಕಾಣಿಸಿತು, ನಿಂತ ಹಾಗೆ ಮಾಡಿತು, ಅರ್ಧ ಸುತ್ತು ಹೊಡೆಯಿತು, ಮತ್ತೆ ಕೆಳಗೆ ಹೋಯಿತು.

ನಾನು ಸೀಟಿನ ಬಿಸಿಯನ್ನು ಇನ್ನೊಂದು ಗೆರೆ ಏರಿಸಿ, ಕೊನೆಯ ಕೇಕಿನ ಕಾಗದ ಬಿಚ್ಚಿದೆ.